ಟ್ಯೂಮರ್ ಮಾರ್ಕರ್ ರಿಪೋರ್ಟಿನಲ್ಲಿ ‘ಎಚ್’ ಅಂತ ಬಂದರೆ

ಮೈಸೂರಿನಲ್ಲಿ ಸರಸ್ವತಿಪುರಂ ಕಡೆ ಹೋಗಿ, ಕುವೆಂಪುನಗರದ ಕಡೆ ಹೋಗಿ, ಲ್ಯಾಬ್‌ಗಳ ಮುಂದೆ ‘ಫುಲ್ ಬಾಡಿ ಚೆಕಪ್’ ಬೋರ್ಡಿಗೆ ಬರವಿಲ್ಲ. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಎಲ್ಲ ಬರೆದು ಕೊನೆಗೆ ‘ಕ್ಯಾನ್ಸರ್ ಸ್ಕ್ರೀನಿಂಗ್’ ಅಂತ ಒಂದು ಸಾಲು ಸೇರಿಸಿರುತ್ತಾರೆ. ಹೇಗೂ ರಕ್ತ ಕೊಡ್ತಾ ಇದ್ದೀವಿ, ಅದೂ ಒಂದು ಆಗಿಬಿಡಲಿ ಅಂತ ಜನ ಮಾಡಿಸುತ್ತಾರೆ. ಸಂಜೆ ವಾಟ್ಸಾಪಿಗೆ ಪಿಡಿಎಫ್ ಬರುತ್ತದೆ. ಸಿಇಎ ಅನ್ನುವ ಟ್ಯೂಮರ್ ಮಾರ್ಕರ್ 6.8, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಚ್’, ಅಂದರೆ ‘ಹೈ’, ಮಿತಿಗಿಂತ ಜಾಸ್ತಿ. ಅಲ್ಲಿಗೆ ಮನೆಯವರ ನಿದ್ದೆ ಹೋಯಿತು.

ನಾನು ಲ್ಯಾಬಿನಲ್ಲಿ ಮೆಷಿನ್ ಮುಂದೆ ಕೂರುವವನು, ಡಾಕ್ಟರ್ ಅಲ್ಲ. ಆದರೆ ಬೆಳಿಗ್ಗೆ ಮೊದಲು ಪ್ರಶ್ನೆ ಬರುವುದು ನಮ್ಮ ಕೌಂಟರಿಗೇ. ‘ಏನ್ ಸಾ, ಇದ್ರಲ್ಲಿ ಎಚ್ ಅಂತ ಹಾಕವ್ರೆ, ಅದೇನಾ?’ ಅಂತ ಕೇಳುತ್ತಾರೆ. ಕಾಯಿಲೆಯ ಹೆಸರು ಬಾಯಿಂದ ಬರುವುದಿಲ್ಲ. ‘ಡಾಕ್ಟರಿಗೆ ತೋರಿಸಿ’ ಅಂತ ಹೇಳಿ ಕಳಿಸುವುದು ನಮ್ಮ ನಿಯಮ. ಅದು ಸರಿಯೇ. ಆದರೂ ಆ ಸಂಖ್ಯೆ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಗೊತ್ತಿದ್ದರೆ ಡಾಕ್ಟರ್ ಹತ್ತಿರ ಮಾತಾಡುವುದು ಸುಲಭವಾಗುತ್ತದೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಟೆಸ್ಟ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಹುಡುಕುವುದಕ್ಕೆ ಇರುವವಲ್ಲ. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ), ಸ್ಕ್ಯಾನ್ ಆಗಿ ಕಾಯಿಲೆ ಖಚಿತವಾದ ಮೇಲೆ, ಅದು ಚಿಕಿತ್ಸೆಗೆ ಬಗ್ಗುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಇರುವವು. ಹಾಗಾಗಿ ಒಂದೇ ಸಂಖ್ಯೆಗೆ ಇಬ್ಬರ ರಿಪೋರ್ಟಿನಲ್ಲಿ ಎರಡು ಅರ್ಥ. ದೊಡ್ಡಕರುಳಿನ ಆಪರೇಷನ್ ಆಗಿ ವರ್ಷವಾದವರಿಗೆ 6.8 ಬಂದರೆ ಡಾಕ್ಟರ್ ಎದ್ದು ಕೂರುತ್ತಾರೆ. ದಿನಾ ಒಂದು ಕಟ್ಟು ಬೀಡಿ ಸೇದುವ, ಬೇರೇನೂ ತೊಂದರೆ ಇಲ್ಲದ ಮನುಷ್ಯನಿಗೆ ಅದೇ 6.8 ಬಂದರೆ ಮೊದಲು ಬೀಡಿಯ ಬಗ್ಗೆ ಕೇಳುತ್ತಾರೆ.

ಯಾಕೆ ಬೀಡಿ? ಟ್ಯೂಮರ್ ಮಾರ್ಕರ್ ಅಂದರೆ ಕ್ಯಾನ್ಸರ್ ಮಾತ್ರ ತಯಾರಿಸುವ ವಸ್ತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನವು ನಮ್ಮ ಮೈಯೇ ಮಾಡುವ ಪ್ರೋಟೀನ್‌ಗಳು. ಸಿಇಎಯನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಪತ್ತೆ ಮಾಡಿದರು. ಕರುಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಸಿಕ್ಕಿತು, ಗರ್ಭದಲ್ಲಿರುವ ಮಗುವಿನ ಕರುಳಿನಲ್ಲೂ ಸಿಕ್ಕಿತು. ಹುಟ್ಟಿದ ಮೇಲೆ ಅದರ ಉತ್ಪಾದನೆ ತೀರಾ ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಹೊಗೆ ಕುಡಿಯುವವರಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ಅದಕ್ಕೇ ರಿಪೋರ್ಟ್‌ಗಳಲ್ಲಿ ಸೇದದವರಿಗೆ 3ರವರೆಗೆ, ಸೇದುವವರಿಗೆ 5ರವರೆಗೆ ಅಂತ ಎರಡು ಮಿತಿ ಕೊಡುವುದುಂಟು. ರಕ್ತದಿಂದ ಸಿಇಎ ತೆಗೆದು ಹಾಕುವ ಕೆಲಸ ಲಿವರಿನದು. ಕುಡಿತದಿಂದಲೋ ಹೆಪಟೈಟಿಸ್‌ನಿಂದಲೋ ಲಿವರ್ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಸಂಖ್ಯೆ ಏರುತ್ತದೆ. ಗಡ್ಡೆಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ಲಿವರ್ ಕ್ಯಾನ್ಸರಿಗೆ ನೋಡುವ ಎಎಫ್‌ಪಿ ಕಥೆಯೂ ಹೀಗೇ. ಅದನ್ನು ಮಾಡುವುದು ಹೊಟ್ಟೆಯಲ್ಲಿರುವ ಮಗುವಿನ ಲಿವರ್. ಆದ್ದರಿಂದ ಬಸುರಿಯರಲ್ಲಿ ಜಾಸ್ತಿ ಇರುವುದು ಸಹಜ. ದೊಡ್ಡವರಲ್ಲಿ ಹೆಪಟೈಟಿಸ್ ಆಗಿ ಲಿವರ್ ಹೊಸದಾಗಿ ಚಿಗುರುವಾಗಲೂ ಏರುತ್ತದೆ. ಮೇದೋಜೀರಕದ ಕ್ಯಾನ್ಸರಿಗೆ ನೋಡುವ ಸಿಎ 19-9ಕ್ಕೆ ಪಿತ್ತನಾಳದ ಜೊತೆಗೂ ನಂಟಿದೆ. ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದರೆ 37ರ ಮಿತಿ ದಾಟಿ ನೂರಾರಕ್ಕೆ ಹೋಗಬಹುದು. ಕಲ್ಲು ತೆಗೆದ ಮೇಲೆ ಇಳಿಯಬಹುದು. ಹೀಗಾಗಿ ಕಣ್ಣು ಹಳದಿಯಾಗಿರುವಾಗ ಮಾಡಿಸಿದ ಸಿಎ 19-9 ನೋಡಿ ಯಾರೂ ಅಳಬಾರದು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ನೂರರಲ್ಲಿ ಐದರಿಂದ ಹತ್ತು ಜನರ ಮೈ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಲೂಯಿಸ್ ಅನ್ನುವ ರಕ್ತದ ಗುಂಪಿಗೆ ಸಂಬಂಧಿಸಿದ ವಿಷಯ ಅದು. ಅಂಥವರಿಗೆ ಮೇದೋಜೀರಕದಲ್ಲಿ ದೊಡ್ಡ ಗಡ್ಡೆಯೇ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.

ಮೆಷಿನ್ ಏನು ಮಾಡುತ್ತದೆ

ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದುಕೊಳ್ಳುತ್ತೇವೆ. ಈ ಟೆಸ್ಟಿಗೆ ಖಾಲಿಹೊಟ್ಟೆ ಬೇಕಿಲ್ಲ. ಬೆಳಿಗ್ಗೆ ಆರಕ್ಕೇ ಕಾಫಿಯೂ ಇಲ್ಲದೆ ಬಂದು ಕೂತಿರುತ್ತಾರೆ, ಪಾಪ, ಜೊತೆಗೆ ಶುಗರ್ ಇಲ್ಲದಿದ್ದರೆ ಅಷ್ಟು ಕಷ್ಟ ಪಡಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟಲು ಸುಮಾರು ಅರ್ಧ ಗಂಟೆ ಬಿಡುತ್ತೇವೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂತು ತಿಳಿಯಾದ ಸೀರಮ್ ಮೇಲೆ ನಿಲ್ಲುತ್ತದೆ. ಮೆಷಿನ್ ಅದರಲ್ಲಿ ಒಂದಿಷ್ಟು ಹೀರಿಕೊಂಡು, ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿಗಳನ್ನು ಸೇರಿಸುತ್ತದೆ. ಒಂದು ಆಂಟಿಬಾಡಿ ಆ ಪ್ರೋಟೀನನ್ನು ಒಂದು ಕಡೆಯಿಂದ ಹಿಡಿದರೆ, ಬೆಳಕು ಕೊಡುವ ಇನ್ನೊಂದು ಆಂಟಿಬಾಡಿ ಮತ್ತೊಂದು ಕಡೆಯಿಂದ ಹಿಡಿಯುತ್ತದೆ. ಎಷ್ಟು ಬೆಳಕು ಬಂತು ಅನ್ನುವುದರ ಮೇಲೆ ಲೆಕ್ಕ. ಅಳೆಯುವ ಪ್ರಮಾಣ ಬಹಳ ಸಣ್ಣದು. ಸಿಇಎ, ಗಂಡಸರ ಪ್ರೋಸ್ಟೇಟಿಗೆ ನೋಡುವ ಪಿಎಸ್‌ಎ ಅಳೆಯುವುದು ನ್ಯಾನೊಗ್ರಾಂನಲ್ಲಿ. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಗ್ರಾಂ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಒಂದೊಂದು ಕಂಪನಿಯ ಕಿಟ್ಟಿನ ಆಂಟಿಬಾಡಿ ಒಂದೊಂದು ಥರ. ಹಾಗಾಗಿ ಒಂದೇ ರಕ್ತವನ್ನು ಮೈಸೂರಿನ ಎರಡು ಲ್ಯಾಬಿಗೆ ಕೊಟ್ಟರೆ ಎರಡು ಸಂಖ್ಯೆ ಬರಬಹುದು, ಎರಡೂ ಕಡೆ ತಪ್ಪಿಲ್ಲದೆ. ಒಂದೇ ಮೆಷಿನ್‌ನಲ್ಲಿ ಒಂದೇ ಸೀರಮ್ ಎರಡು ಸಲ ಹಾಕಿದರೂ 4.8 ಒಮ್ಮೆ, 5.1 ಒಮ್ಮೆ ಬರುವುದುಂಟು. ಮಿತಿ 5 ಅಂತಿದ್ದರೆ ಮೊದಲನೆಯದಕ್ಕೆ ರಿಪೋರ್ಟಿನಲ್ಲಿ ಗುರುತಿಲ್ಲ, ಎರಡನೆಯದಕ್ಕೆ ‘ಎಚ್’. ಸಾಫ್ಟ್‌ವೇರ್‌ಗೆ ಗೊತ್ತಿರುವುದು ಮಿತಿ ದಾಟಿತೋ ಇಲ್ಲವೋ ಅನ್ನುವುದು ಮಾತ್ರ. ನಿಮ್ಮ ವಯಸ್ಸು, ಬೀಡಿ, ಕಾಮಾಲೆ, ಮುಟ್ಟು ಯಾವುದೂ ಅದಕ್ಕೆ ಗೊತ್ತಿಲ್ಲ.

ಈಚೆಗೆ ಒಂದು ಹೊಸ ತಲೆನೋವು ಸೇರಿಕೊಂಡಿದೆ. ಕೂದಲು ಉದುರುತ್ತದೆ ಅಂತ ತಗೊಳ್ಳುವ ಬಯೋಟಿನ್ ಮಾತ್ರೆ. ಕೆಲವು ಮೆಷಿನ್‌ಗಳ ಕಿಟ್ಟಿನಲ್ಲೇ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಲೆಕ್ಕ ಕೆಡುತ್ತದೆ. ಇಂಥ ಟೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಸಂಖ್ಯೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ‘ಮಾತ್ರೆ ಏನಾದ್ರೂ ತಗೋತೀರಾ?’ ಅಂತ ಕೇಳಿದರೆ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ. ಕೂದಲಿನದು ಮಾತ್ರೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಅದನ್ನೂ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಆ ಲ್ಯಾಬಿನಲ್ಲೇ ಕೇಳಿ.

ಸಿಎ-125 ಮತ್ತು ಹೊಟ್ಟೆಯ ಟಿಬಿ

ಜನರನ್ನು ಅತಿ ಹೆಚ್ಚು ಹೆದರಿಸುವುದು ಇದೇ ಅಂತ ನನ್ನ ಅಭಿಪ್ರಾಯ. ಅಂಡಾಶಯದ ಕ್ಯಾನ್ಸರಿನ ಮಾರ್ಕರ್ ಅಂತ ಇದಕ್ಕೆ ಹೆಸರು. ಮಿತಿ 35 ಯೂನಿಟ್. ಆದರೆ ಇದು ಬರುವುದು ಅಂಡಾಶಯದಿಂದ ಮಾತ್ರ ಅಲ್ಲ. ಹೊಟ್ಟೆಯ ಒಳಗೋಡೆಗೆ, ಶ್ವಾಸಕೋಶದ ಸುತ್ತ ಇರುವ ತೆಳು ಪೊರೆಗೆ ಏನೇ ಕಿರಿಕಿರಿಯಾದರೂ ಸಿಎ-125 ರಕ್ತಕ್ಕೆ ಸೇರುತ್ತದೆ. ಮುಟ್ಟಿನ ದಿನಗಳಲ್ಲಿ ಏರಬಹುದು. ಬಸುರಿಯ ಮೊದಲ ತಿಂಗಳುಗಳಲ್ಲಿ ಏರಬಹುದು. ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಲಿವರ್ ಸಿರೋಸಿಸ್, ಹಾರ್ಟ್ ಫೇಲ್ಯೂರ್, ಪಟ್ಟಿ ದೊಡ್ಡದಿದೆ.

ಈ ಪಟ್ಟಿಯಲ್ಲಿ ನಮ್ಮ ಕಡೆ ಮರೆಯಬಾರದ ಹೆಸರು ಹೊಟ್ಟೆಯ ಟಿಬಿ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೂಕ ಇಳಿಯುತ್ತದೆ, ಊಟ ಸೇರುವುದಿಲ್ಲ. ಸ್ಕ್ಯಾನ್‌ನಲ್ಲಿ ಅಂಡಾಶಯದ ಹತ್ತಿರ ಗಂಟಿನ ಹಾಗೆ ಕಾಣುತ್ತದೆ. ಸಿಎ-125 ಮಾಡಿಸಿದರೆ 400, 500 ಬಂದಿರುತ್ತದೆ. ನೋಡಿದವರೆಲ್ಲ ಮುಂದುವರಿದ ಕ್ಯಾನ್ಸರ್ ಅಂದುಕೊಳ್ಳುತ್ತಾರೆ. ಹೊಟ್ಟೆಯ ನೀರನ್ನೋ ಒಂದು ಚೂರು ಮಾಂಸವನ್ನೋ ತೆಗೆದು ಪರೀಕ್ಷೆ ಮಾಡಿದಾಗ ಟಿಬಿ ಅಂತ ಗೊತ್ತಾಗುವುದುಂಟು. ಆರು ತಿಂಗಳು ಟಿಬಿ ಮಾತ್ರೆ ತಗೊಂಡರೆ ಸಂಖ್ಯೆಯೂ ಇಳಿಯುತ್ತದೆ, ಮನುಷ್ಯರೂ ಚೇತರಿಸಿಕೊಳ್ಳುತ್ತಾರೆ. ಟಿಬಿಗೆ ಅಂತಲೇ ಪಿಕೆಟಿಬಿ ಸ್ಯಾನಟೋರಿಯಂ ಕಟ್ಟಿಸಿದ ಊರು ನಮ್ಮದು. ಟಿಬಿ ಹಳೇ ಕಾಲದ ಕಾಯಿಲೆ, ಈಗೆಲ್ಲಿ ಅನ್ನುವ ಹಾಗಿಲ್ಲ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಬಯಾಪ್ಸಿಯ ಜಾಗಕ್ಕೆ ಅದು ಬರುವುದಿಲ್ಲ.

ಹಾಗಾದರೆ ತೊಂದರೆ ಇಲ್ಲದವರೆಲ್ಲ ಸಿಎ-125 ಮಾಡಿಸಿಕೊಂಡರೆ ಕ್ಯಾನ್ಸರ್ ಬೇಗ ಸಿಗುವುದಿಲ್ಲವೇ? ಒಂದು ಲೆಕ್ಕ ಹಾಕೋಣ. ಮುಟ್ಟು ನಿಂತ 10,000 ಹೆಂಗಸರು, ಎಲ್ಲರೂ ಆರಾಮಾಗಿದ್ದಾರೆ. ಅವರಲ್ಲಿ 4 ಜನಕ್ಕೆ ಗೊತ್ತಿಲ್ಲದಂತೆ ಕಾಯಿಲೆ ಇದೆ ಅಂತ ಇಟ್ಟುಕೊಳ್ಳಿ. ಟೆಸ್ಟ್ ಆ ನಾಲ್ವರಲ್ಲಿ 3 ಜನರನ್ನು ಹಿಡಿಯಿತು, ಒಳ್ಳೆಯದೇ. ಆದರೆ ಕಾಯಿಲೆ ಇಲ್ಲದ 9,996 ಜನರಲ್ಲಿ ನೂರಕ್ಕೆ ಒಬ್ಬರಿಗೆ ಸುಮ್ನೆ 35 ದಾಟಿದರೂ ಹತ್ತಿರ ಹತ್ತಿರ 100 ಜನ. ಈಗ 103 ಜನರ ಕೈಯಲ್ಲಿ ‘ಎಚ್’ ಇರುವ ರಿಪೋರ್ಟ್ ಇದೆ. ನಿಜವಾದ ಕಾಯಿಲೆ ಮೂವರಿಗೆ. ಉಳಿದ ನೂರು ಜನ ಸ್ಕ್ಯಾನ್‌ಗೆ ಓಡುತ್ತಾರೆ, ಕೆಲವರ ಹೊಟ್ಟೆಯನ್ನೂ ಕುಯ್ಯುತ್ತಾರೆ. ಇನ್ನು ತಪ್ಪಿಸಿಕೊಂಡ ಆ ಒಬ್ಬರು ‘ನಾರ್ಮಲ್’ ಅಂತ ನೆಮ್ಮದಿಯಾಗಿ ಮನೆಯಲ್ಲಿದ್ದಾರೆ.

ಇದು ನನ್ನ ಕಾಗದದ ಲೆಕ್ಕ. ನಿಜವಾಗಿಯೂ ಮಾಡಿ ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ 2001ರಿಂದ 2005ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ವರ್ಷ ವರ್ಷ ಸಿಎ-125, ಇನ್ನೊಂದಕ್ಕೆ ಸ್ಕ್ಯಾನಿಂಗ್, ಮತ್ತೊಂದಕ್ಕೆ ಏನೂ ಇಲ್ಲ ಅಂತ ಮಾಡಿ, ಬಹಳ ವರ್ಷ ಬೆನ್ನು ಹತ್ತಿದರು. ರಕ್ತಪರೀಕ್ಷೆಯ ಗುಂಪಿನಲ್ಲಿ ಕೆಲವರಿಗೆ ಕಾಯಿಲೆ ಬೇಗ ಸಿಕ್ಕಿತು. ಆದರೆ 2021ರಲ್ಲಿ ಬಂದ ಕೊನೆಯ ಫಲಿತಾಂಶದಲ್ಲಿ ಸಾವಿನ ಸಂಖ್ಯೆ ಕಡಿಮೆಯಾಗಿರಲಿಲ್ಲ. ಇಷ್ಟಾದ ಮೇಲೂ ಪ್ಯಾಕೇಜಿನಲ್ಲಿ ಇದನ್ನು ‘ಮಹಿಳೆಯರ ಕ್ಯಾನ್ಸರ್ ಸ್ಕ್ರೀನಿಂಗ್’ ಅಂತ ಮಾರುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಅಮ್ಮ, ಅಕ್ಕ, ಚಿಕ್ಕಮ್ಮ ಅಂತ ಹಲವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮಾತು ಬೇರೆ. ಅಂಥವರು ಡಾಕ್ಟರ್ ಜೊತೆ ಕೂತು ಮಾತಾಡಬೇಕು, ಪ್ಯಾಕೇಜ್ ನಂಬಿ ಕೂರಬಾರದು.

ಗಂಡಸರ ಪಿಎಸ್‌ಎ

ಪಿಎಸ್‌ಎ ಪ್ರೋಸ್ಟೇಟ್ ಗ್ರಂಥಿ ಮಾಡುವ ಪ್ರೋಟೀನ್. ವೀರ್ಯವನ್ನು ತೆಳುವಾಗಿಡುವುದು ಅದರ ಕೆಲಸ. ಎಲ್ಲ ಗಂಡಸರಲ್ಲೂ ಇರುತ್ತದೆ, ವಯಸ್ಸಾದಂತೆ ಗ್ರಂಥಿ ದಪ್ಪವಾಗಿ ಸಂಖ್ಯೆಯೂ ಏರುತ್ತದೆ. ರೂಢಿಯ ಮಿತಿ 4. ಆದರೆ 4ರಿಂದ 10ರ ನಡುವೆ ಬಂದು ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಇನ್ನೊಂದು ಕಡೆ, 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿಎಸ್‌ಎ 4ರ ಒಳಗಿದ್ದ ಗಂಡಸರಿಗೂ ಬಯಾಪ್ಸಿ ಮಾಡಿದಾಗ ನೂರಕ್ಕೆ ಸುಮಾರು 15 ಜನರಲ್ಲಿ ಕ್ಯಾನ್ಸರ್ ಕಂಡಿತು. ಎರಡೂ ಕಡೆ ಗೆರೆ ಮಸುಕಾಗಿದೆ ಅಂತಾಯಿತು.

ನಮ್ಮಲ್ಲಿ ನಡೆಯುವುದು ಹೀಗೆ. ಯಜಮಾನರಿಗೆ ಉಚ್ಚೆ ಕಟ್ಟಿತು ಅಂತ ರಾತ್ರೋರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಪೈಪ್ ಹಾಕುತ್ತಾರೆ. ಮಾರನೇ ದಿನ ಉಳಿದ ಟೆಸ್ಟ್ ಜೊತೆ ಪಿಎಸ್‌ಎಗೂ ರಕ್ತ ಹೋಗುತ್ತದೆ. 23 ಅಂತ ಬರುತ್ತದೆ. ಮಗ ಬೆಂಗಳೂರಿನಿಂದ ರಜೆ ಹಾಕಿ ಓಡಿ ಬರುತ್ತಾನೆ. ಉಚ್ಚೆ ಕಟ್ಟಿದಾಗ, ಪೈಪ್ ಹಾಕಿದಾಗ, ಮೂತ್ರದ ಸೋಂಕಿದ್ದಾಗ ಪಿಎಸ್‌ಎ ಹೀಗೆ ಏರುವುದು ಮಾಮೂಲು. ಸೋಂಕು ವಾಸಿಯಾಗಿ ಆರೇಳು ವಾರ ಕಳೆದ ಮೇಲೆ ಮತ್ತೆ ಮಾಡಿಸಿದರೆ ಆ ಸಂಖ್ಯೆಗೆ ಅರ್ಥವಿರುತ್ತದೆ. ಟೆಸ್ಟಿಗೆ ಎರಡು ದಿನ ಮುಂಚೆ ದೂರದ ಸೈಕಲ್ ಸವಾರಿ ಬೇಡ, ಗಂಡಹೆಂಡಿರ ಸೇರುವಿಕೆಯೂ ಬೇಡ. ಇದನ್ನು ಹೇಳಲು ಕೌಂಟರಿನಲ್ಲಿ ನಮಗೂ ಮುಜುಗರ, ಕೇಳುವವರಿಗೂ ಮುಜುಗರ. ಹೀಗಾಗಿ ಯಾರೂ ಹೇಳುವುದಿಲ್ಲ.

ಇದರ ಉಲ್ಟಾ ಪ್ರಕರಣ ಇನ್ನೂ ಅಪಾಯ. ಪ್ರೋಸ್ಟೇಟ್ ದಪ್ಪವಾಗಿದ್ದಕ್ಕೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ಆರು ತಿಂಗಳು, ವರ್ಷ ತಗೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 3 ಇದ್ದರೆ ಡಾಕ್ಟರ್ ಅದನ್ನು 6 ಅಂತಲೇ ಓದಬೇಕು. ಬೊಕ್ಕತಲೆಗೆ ಅಂತ ಫಿನಾಸ್ಟರೈಡ್ ನುಂಗುವ ನಲವತ್ತರ ಗಂಡಸರೂ ಇದನ್ನು ನೆನಪಿಟ್ಟುಕೊಳ್ಳಲಿ.

ಏರುತ್ತಿದೆಯೋ ಇಳಿಯುತ್ತಿದೆಯೋ

ಮಂಡ್ಯದವರಿಗೆ ಇದನ್ನು ವಿವರಿಸಲು ನನಗೆ ಕನ್ನಂಬಾಡಿ ಕಟ್ಟೆಯೇ ಸುಲಭ. ಗರಿಷ್ಠ ಮಟ್ಟ 124.80 ಅಡಿ. ಇವತ್ತು 98 ಅಡಿ ಅಂತ ಪೇಪರಿನಲ್ಲಿ ಬಂದರೆ ಅದೊಂದನ್ನೇ ನೋಡಿ ಯಾರೂ ನಾಟಿಗೆ ಇಳಿಯುವುದಿಲ್ಲ. ನಿನ್ನೆ ಎಷ್ಟಿತ್ತು, ಒಳಹರಿವು ಎಷ್ಟು ಅಂತ ನೋಡುತ್ತಾರೆ. ಮೇ ತಿಂಗಳ 98 ಬೇರೆ, ಜುಲೈ ತಿಂಗಳ 98 ಬೇರೆ. ಟ್ಯೂಮರ್ ಮಾರ್ಕರ್ ಓದುವುದೂ ಹೀಗೇ.

ಮದ್ದೂರು ಕಡೆಯ ಒಬ್ಬ ಅಮ್ಮ, ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆಗಿ ಕೀಮೋ ತಗೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಶುರುವಿನಲ್ಲಿ ಸಿಎ-125 842. ಆಮೇಲೆ 316, 97, 31, ಕೊನೆಗೆ 14. ಇಲ್ಲಿ 316 ಅನ್ನುವುದು ಮಿತಿಗಿಂತ ಒಂಬತ್ತು ಪಟ್ಟು ಜಾಸ್ತಿ, ರಿಪೋರ್ಟಿನಲ್ಲಿ ‘ಎಚ್’ ಇದ್ದೇ ಇರುತ್ತದೆ. ಆದರೂ ಅದು ಸಂತೋಷದ ಸುದ್ದಿ. ಚಿಕಿತ್ಸೆ ಮುಗಿದ ಮೇಲೆ 14 ಇದ್ದದ್ದು ಮುಂದಿನ ಸಲ 19 ಆಯಿತು ಅಂತ ಮಗಳು ಗಾಬರಿಯಾಗುತ್ತಾಳೆ. 14ಕ್ಕೂ 19ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೀಗೆ ನಾರ್ಮಲ್‌ಗೆ ಇಳಿದವರಲ್ಲಿ ಕಾಯಿಲೆ ಮರಳಿತು ಅನ್ನಲು ಕ್ಯಾನ್ಸರ್ ತಜ್ಞರು ಇಟ್ಟುಕೊಂಡಿರುವ ಅಳತೆ 35ರ ಎರಡು ಪಟ್ಟು, ಅಂದರೆ 70. ಅದೂ ಒಂದೇ ಸಲ ಬಂದರೆ ಸಾಲದು. ಕನಿಷ್ಠ ಒಂದು ವಾರದ ಅಂತರದಲ್ಲಿ ಎರಡು ಸಲ ಬರಬೇಕು.

ಸಂಖ್ಯೆ ಇಳಿಯಲೂ ಸಮಯ ಬೇಕು. ಗಡ್ಡೆ ಪೂರ್ತಿ ತೆಗೆದರೂ ರಕ್ತದಲ್ಲಿ ಸೇರಿಕೊಂಡದ್ದು ಅದರ ಪಾಡಿಗೆ ಕರಗಬೇಕಲ್ಲ. ವೃಷಣದ ಕ್ಯಾನ್ಸರಿನಲ್ಲಿ ನೋಡುವ ಬೀಟಾ ಎಚ್‌ಸಿಜಿ ಒಂದು, ಒಂದೂವರೆ ದಿನದಲ್ಲಿ ಅರ್ಧವಾಗುತ್ತದೆ. ಎಎಫ್‌ಪಿಗೆ ಐದರಿಂದ ಏಳು ದಿನ. ಕರುಳಿನ ಆಪರೇಷನ್ ಆದ ಮೇಲೆ ಸಿಇಎ ನಾರ್ಮಲ್‌ಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಡಿಸ್ಚಾರ್ಜ್ ಆದ ವಾರದಲ್ಲೇ ಮಾಡಿಸಿ ‘ಇನ್ನೂ ಉಳಿದಿದೆ’ ಅಂತ ಕಂಗೆಡುವುದು ಸುಮ್ನೆ ಸಂಕಟ. ಕೀಮೋ ಶುರುವಾದ ಮೊದಲ ಕೆಲವು ವಾರಗಳಲ್ಲಿ ಸಿಇಎ, ಸ್ತನ ಕ್ಯಾನ್ಸರಿಗೆ ನೋಡುವ ಸಿಎ 15-3 ಇಳಿಯುವ ಬದಲು ಏರುವುದೂ ಇದೆ. ಔಷಧಿ ಕೆಲಸ ಮಾಡಿ ಕ್ಯಾನ್ಸರ್ ಜೀವಕೋಶಗಳು ಒಡೆದು ಅವುಗಳಲ್ಲಿದ್ದದ್ದು ರಕ್ತಕ್ಕೆ ಬಂದಿರುತ್ತದೆ.

ಈ ಕಾರಣಕ್ಕೇ ಒಂದೇ ಲ್ಯಾಬಿಗೆ ಅಂಟಿಕೊಳ್ಳಿ ಅನ್ನುವುದು. ಕಿದ್ವಾಯಿಯಲ್ಲಿ ಒಮ್ಮೆ, ಮೈಸೂರಿನಲ್ಲಿ ಒಮ್ಮೆ, ಮಂಡ್ಯದಲ್ಲಿ ಒಮ್ಮೆ ಮಾಡಿಸಿದರೆ ಸಂಖ್ಯೆ ಏರಿದ್ದು ಕಾಯಿಲೆಯಿಂದಲೋ ಕಿಟ್ಟಿನಿಂದಲೋ ಗೊತ್ತಾಗುವುದಿಲ್ಲ. ಬದಲಾಯಿಸಲೇಬೇಕಾದರೆ ಒಂದು ಸಲ ಎರಡೂ ಕಡೆ ಒಟ್ಟಿಗೆ ಮಾಡಿಸಿ, ಹೊಸ ಲ್ಯಾಬಿನ ಸಂಖ್ಯೆಯಿಂದ ಲೆಕ್ಕ ಶುರು ಮಾಡಿ. ಎಲ್ಲ ರಿಪೋರ್ಟ್‌ಗಳ ತಾರೀಖು, ಸಂಖ್ಯೆ, ಲ್ಯಾಬಿನ ಹೆಸರು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಓಪಿಡಿಯ ಗಡಿಬಿಡಿಯಲ್ಲಿ ಡಾಕ್ಟರ್‌ಗೆ ಒಂದೇ ನೋಟಕ್ಕೆ ಕಾಣುತ್ತದೆ.

ಪದೇ ಪದೇ ಮಾಡಿಸಿದರೆ ಒಳ್ಳೆಯದು ಅನ್ನುವುದೂ ನಿಜವಲ್ಲ. ಅಂಡಾಶಯದ ಕ್ಯಾನ್ಸರ್ ಗುಣವಾದವರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಿಎ-125 ಏರಿದ ಕೂಡಲೇ ಕೆಲವರಿಗೆ ಕೀಮೋ ಶುರು ಮಾಡಿದರು. ಇನ್ನು ಕೆಲವರಿಗೆ ತೊಂದರೆ ಕಾಣಿಸಿಕೊಂಡ ಮೇಲೆ ಶುರು ಮಾಡಿದರು. ಮೊದಲಿನವರಿಗೆ ಸುಮಾರು ಐದು ತಿಂಗಳು ಮುಂಚೆಯೇ ಕೀಮೋ ಸಿಕ್ಕಿತು, ಆದರೆ ಅವರೇನೂ ಹೆಚ್ಚು ಕಾಲ ಬದುಕಲಿಲ್ಲ. ಕರುಳಿನ ಕ್ಯಾನ್ಸರಿನಲ್ಲಿ ಹಾಗಲ್ಲ. ಅಲ್ಲಿ ಸಿಇಎ ಏರಿದ್ದು ನೋಡಿ ಲಿವರಿಗೆ ಹರಡಿದ ಸಣ್ಣ ಗಡ್ಡೆ ಸಿಕ್ಕರೆ ಆಪರೇಷನ್ ಮಾಡಿ ತೆಗೆಯುವ ಅವಕಾಶ ಇರುತ್ತದೆ. ಅದಕ್ಕೇ ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಡಾಕ್ಟರ್ ಚೀಟಿ ಬರೆಯುವಾಗ ಒಂದು ಮಾತು ಕೇಳಿ ನೋಡಿ: ‘ಜಾಸ್ತಿ ಬಂದ್ರೆ ಮುಂದೆ ಏನ್ ಮಾಡ್ತೀರಿ ಸಾರ್, ನಾರ್ಮಲ್ ಬಂದ್ರೆ ಏನ್ ಮಾಡ್ತೀರಿ?’ ಎರಡಕ್ಕೂ ಒಂದೇ ಉತ್ತರ ಬಂದರೆ ಆ ಟೆಸ್ಟ್ ಬೇಕಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಹುಡುಕುವುದಕ್ಕೂ ಉಪಯೋಗಕ್ಕೆ ಬರುವ ಮಾರ್ಕರ್‌ಗಳಿಲ್ಲ ಅಂತಲ್ಲ. ಲಿವರ್ ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಜೊತೆ ಎಎಫ್‌ಪಿ ಮಾಡಿಸುತ್ತಾರೆ. ಹುಡುಗರಿಗೆ ವೃಷಣದಲ್ಲಿ ಗಂಟು ಕಂಡರೆ ಎಎಫ್‌ಪಿ, ಬೀಟಾ ಎಚ್‌ಸಿಜಿ ಎರಡೂ ಬಹಳ ಮುಖ್ಯ. ಪಿಎಸ್‌ಎಯನ್ನೂ ಐವತ್ತೈದರಿಂದ ಅರವತ್ತೊಂಬತ್ತರ ನಡುವಿನವರು ಡಾಕ್ಟರ್ ಜೊತೆ ಸಾಧಕಬಾಧಕ ಮಾತಾಡಿ ಮಾಡಿಸಿಕೊಳ್ಳಬಹುದು.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ನಮ್ಮ ದೇಶದಲ್ಲಿ ಜಾಸ್ತಿ ಕಾಣುವ ಕ್ಯಾನ್ಸರ್‌ಗಳು ಬಾಯಿ, ಸ್ತನ ಮತ್ತು ಗರ್ಭಕೊರಳಿನವು. ಈ ಮೂರನ್ನೂ ಶುರುವಿನಲ್ಲೇ ಹಿಡಿಯುವ ರಕ್ತದ ಮಾರ್ಕರ್ ಪ್ಯಾಕೇಜಿನಲ್ಲಿ ಇಲ್ಲ. ಸಿಎ 15-3 ಸ್ತನದ್ದಲ್ವಾ ಅಂದರೆ, ಅದು ಸಣ್ಣ ಗಂಟಿಗೆ ಏರುವುದು ಅಪರೂಪ. ಕಡ್ಡಿಪುಡಿ ಹಾಕುವವರು ಸಾವಿರಾರು ರೂಪಾಯಿ ಕೊಟ್ಟು ಮಾರ್ಕರ್ ಮಾಡಿಸಿ, ನಾರ್ಮಲ್ ಬಂತು ಅಂತ ಮತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದವರು ಯಾರೂ ಇರುವುದಿಲ್ಲ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಮೂರರ ತಪಾಸಣೆಯೂ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಊರಿನ ಪಿಎಚ್‌ಸಿಯಲ್ಲಿ ಕೇಳಿ, ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಮಾರ್ಕರ್ ರಿಪೋರ್ಟಿಗೆ ಕಾಯಬೇಡಿ. ನಾರ್ಮಲ್ ಅಂತ ಬಂದಿದ್ದರೂ ಸರಿ, ಮಂಡ್ಯದಲ್ಲಿ ಮಿಮ್ಸ್‌ಗೋ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಗೋ ಹೋಗಿ ಓಪಿಡಿ ಚೀಟಿ ಮಾಡಿಸಿ.